ಅಣ್ಣನನ್ನು ಡ್ರ್ಯಾಗನ್ ಬಾಗಿಲಿಗೆ ಒಯ್ದದ್ದು

ಎರಡನೇ ತಿಂಗಳು, ಹದಿನೆಂಟು. ಬೆಳಿಗ್ಗೆ

ಅಣ್ಣನ ನೀರು ಬದಲಿಸಿದೆ. ನವಣೆ ಗಂಜಿಯ ಅಗುಳು ಹಾಕಿದೆ. ಬಾಯಿಗೆ ತೆಗೆದುಕೊಂಡು ಉಗುಳಿದ.

ಹೋದ ಶರತ್ಕಾಲದ ಪ್ರವಾಹದಲ್ಲಿ ಅಣ್ಣ ಬೋಲಿನ್ ಕೊಚ್ಚಿಹೋದ. ಊರೆಲ್ಲ ಅತ್ತು ಸುಮ್ಮನಾಯಿತು. ಹೊಸವರ್ಷದ ಮರುದಿನ ಹಳದಿ ನದಿಯ ದಡದಲ್ಲಿ ಕೆಂಪು ಬಾಲದ ಮೀನೊಂದು ನನ್ನ ಹೆಸರು ಹಿಡಿದು ಕೂಗಿತು. ಅವನದೇ ದನಿ. ನದಿದೊರೆ ಅವನನ್ನು ಮೀನಾಗಿಸಿ ಉಳಿಸಿಕೊಂಡಿದ್ದ. ಅಂದಿನಿಂದ ನಮ್ಮ ಮನೆಯ ಗುಡಾಣದಲ್ಲಿದ್ದಾನೆ. ಅಮ್ಮ ಪಕ್ಕದಲ್ಲೇ ಕೂತು ಅವನಿಗೆ ಬಟ್ಟೆಯ ಜೋಡು ಹೊಲಿಯುತ್ತಾಳೆ.

ಇಪ್ಪತ್ತೈದು

ಅಣ್ಣನ ಮೈಯ ಹುರುಪೆ ಉದುರುತ್ತಿದೆ...

"ಮಿಯಾನ್, ಇಲ್ಲಿ ಉಸಿರು ಕಟ್ಟತ್ತೆ ಕಣೇ. ಡ್ರ್ಯಾಗನ್ ಬಾಗಿಲಿಗೆ ಕರ್ಕೊಂಡೋಗು," ಎಂದ.

ಮೇಲಿನ ಕಣಿವೆಯಲ್ಲಿ ಬಂಡೆಗಳ ನಡುವೆ ಧುಮುಕುವ ಆ ನೀರನ್ನು ಹಾರಿ ದಾಟಿದ ಮೀನು ಡ್ರ್ಯಾಗನ್ ಆಗುತ್ತದೆ. ಆದರೆ ಮನೆಯವರ ನೆನಪು ಉಳಿಯುವುದಿಲ್ಲ.

ಅಮ್ಮನಿಗೆ ಹೇಳಿದೆ. "ಮೀನಾದ್ರೇನು, ನನ್ ಕಣ್ಮುಂದೆ ಇರ್ಲಿ. ಗುಡಾಣ ಮುಟ್ಟಿದ್ರೆ ಕೈ ಮುರೀತೀನಿ."

ಮೂರನೇ ತಿಂಗಳು, ಒಂದು. ದೋಣಿಯಲ್ಲಿ

ಅಮ್ಮ ಹೊಲಕ್ಕೆ ಹೋದಾಗ ಹೊರಟುಬಿಟ್ಟೆ. ಅಣ್ಣ ಮರದ ಬಾನಿಯಲ್ಲಿ. ದೋಣಿಯ ಗೆಂಗ್ ಅಜ್ಜ ಇಣುಕಿ ನೋಡಿದ. "ಶುಂಠಿ ಹಾಕಿ ಬೇಯ್ಸಿದ್ರೆ ಚೆನ್ನಾಗಿರತ್ತೆ."

"ನಿನ್ ಗಡ್ಡ ಬೇಯ್ಸ್ಕೋ, ಮುದುಕಪ್ಪ!" — ಬಾನಿಯೊಳಗಿಂದ ಅಣ್ಣ.

ಅಜ್ಜನ ಕೈಯಿಂದ ಹುಟ್ಟು ಜಾರಿತು. ಎಷ್ಟೋ ದಿನದ ಮೇಲೆ ನಕ್ಕೆ.

ಆರು

ಸುಳಿಯಲ್ಲಿ ನದಿದೊರೆಯ ಕಾವಲು ಆಮೆ ಅಡ್ಡ ಬಂತು. ಬಂಡೆಯಷ್ಟು ದೊಡ್ಡದು.

"ಅದು ನಮ್ ದೊರೆಯ ಮೀನು. ಬಿಡ್ಬೇಕು ಅಂದ್ರೆ ಬದಲಿಗೆ ಏನಾದ್ರೂ ಕೊಡು. ಅವ್ನು ಚಿಕ್ಕಂದಿನಿಂದ ನಿನ್ನ ಕರೀತಿದ್ದ ಮುದ್ದಿನ ಹೆಸ್ರು ಕೊಡು."

"ಬೇಡ ಕಣೇ," ಎಂದ ಅಣ್ಣ.

ಕೊಟ್ಟೆ. ಆಮೆ ಮುಳುಗಿತು. ಈಗ ಇಲ್ಲಿ ಬರೆದಿಡೋಣವೆಂದರೆ ಆ ಹೆಸರು ನೆನಪಿಗೇ ಬರುತ್ತಿಲ್ಲ. ಅಣ್ಣನಿಗೂ.

ಒಂಬತ್ತು. ಮಧ್ಯಾಹ್ನ

ಎರಡು ಬಂಡೆ, ನಡುವೆ ನೀರಿನ ಗೋಡೆ. ಮೀನುಗಳು ಹಾರುತ್ತವೆ, ಬಂಡೆಗೆ ಬಡಿದು ಬೀಳುತ್ತವೆ.

"ಬೇಡ ಅಣ್ಣ, ಮನೆಗೆ ಹೋಗೋಣ," ಎಂದುಬಿಟ್ಟೆ.

"ಗುಡಾಣದಲ್ಲೇ ಸಾಯ್ಲಾ?"

ಬಾನಿ ಬಗ್ಗಿಸಿದೆ.

ಅಣ್ಣ ಹಾರಿದ, ಬಿದ್ದ. ಮತ್ತೆ ಹಾರಿದ, ಮತ್ತೆ ಬಿದ್ದ. ನೀರಲ್ಲಿ ರಕ್ತ. ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಕೊನೆಗೆ ಬಂಡೆಯ ನೆತ್ತಿಯಲ್ಲಿ ಸಿಡಿಲು ಹೊಳೆಯಿತು, ಕೆಂಪು ಬಾಲ ಹೊತ್ತಿ ಉರಿಯಿತು — ಕಣಿವೆಯುದ್ದಕ್ಕೂ ಚಾಚಿದ ಚಿನ್ನದ ಮೈ!

"ಅಣ್ಣಾ!"

ತಿರುಗಿ ನೋಡಿದ. ದಾರಿಯಲ್ಲಿ ಹೋಗುವ ಯಾರನ್ನೋ ನೋಡುವ ಹಾಗೆ. ಮೋಡದೊಳಗೆ ಹೋದ.

ಹದಿನೇಳು. ಮನೆ

ಅಮ್ಮ ಹೊಡೆಯಲಿಲ್ಲ.

"ಹಾರಿದ್ನಾ?"

"ಹೂಂ."

"ಪೆಟ್ಟಾಯ್ತಾ?"

"ಇಲ್ಲಮ್ಮ."

"ತಿರುಗಿ ನೋಡಿದ್ನಾ?"

"ನೋಡ್ದ. ನಿನ್ನ ಕೇಳ್ದ."

ಅಮ್ಮ ಗೋಡೆಗೊರಗಿ ಕೂತಳು. ನನ್ನ ಕೈ ಹಿಡಿದುಕೊಂಡಳು. "ಏನಂತ ಕೇಳ್ದ? ಅವ್ನು ಅಂದ ಹಾಗೇ ಹೇಳೇ."

ಹೇಳಿದೆ. ಸಂಜೆಯವರೆಗೂ ಹೇಳಿದೆ. ಈಗ ಮತ್ತೆ ಕರೆಯುತ್ತಿದ್ದಾಳೆ, ಇನ್ನೊಂದು ಸಲ ಹೇಳಬೇಕಂತೆ. ಮೊದಲಿಂದ. ಮಾತು ಬದಲಾಗದಿರಲೆಂದು ಇಲ್ಲಿ ಬರೆದಿಡುತ್ತೇನೆ: ಅವನು ಏನಂದ ಎಂದು ನಾನು ಹೇಳಿದೆನೋ ಅದು —