ಶಾಲಿನಡಿಯ ರೊಟ್ಟಿ

ವಿದಿನ್, ಭಾನುವಾರ

ಅಕ್ಕಾ,

ಡ್ಯಾನ್ಯೂಬ್ ನದಿ ದಾಟಿ ಈ ದೇಶಕ್ಕೆ ಬಂದದ್ದು ದಂಡವಾಯಿತು. ನಮ್ಮ ರೋಮಾ ಜನಾಂಗದ ಮಕ್ಕಳನ್ನು ಶಾಲೆಯಲ್ಲಿ ಬೇರೆ ಕೂರಿಸುವುದರ ವಿರುದ್ಧ ಇಲ್ಲಿನ ರೋಮಾ ಸಂಘವೂ ನಮ್ಮೂರ ಸಂಘವೂ ಒಂದಾಗುವ ಮಾತಾಗಿತ್ತು. ಸಂಘದ ಸೆವ್ದಾ ಬೆಳಗಿನಿಂದ ಅಡುಗೆ ಮಾಡಿದ್ದಳು. ಊಟಕ್ಕೆ ಕೂರುವಾಗ ಸ್ಮಾರಾಂಡಾ ದೊಡ್ಡಮ್ಮ ಅಂಗಳದ ತೊಟ್ಟಿಯಲ್ಲಿ ಲಂಗ, ಮೇಜುಬಟ್ಟೆ ಒಟ್ಟಿಗೆ ನೆನೆದದ್ದನ್ನು ನೋಡಿಬಿಟ್ಟಳು.

“ಸೊಂಟದ ಕೆಳಗಿನ ಬಟ್ಟೆ ಜೊತೆ ಊಟದ ಬಟ್ಟೆನಾ? ಮೈಲಿಗೆ! ಏಳ್ರೇ, ಇಲ್ಲಿ ಉಣ್ಣೋ ಹಾಗಿಲ್ಲ!”

ನಮ್ಮ ಕಡೆಯ ಎಂಟೂ ಜನ ಎದ್ದೆವು.

ಸೆವ್ದಾ ಸೌಟು ಹಿಡಿದೇ ನಿಂತಿದ್ದಳು. “ರೋಮಾ ಅಲ್ಲದೋರು ನಮ್ಮ ಕೈಯಡುಗೆ ಮುಟ್ಟಲ್ಲ, ಗೊತ್ತಿದ್ದದ್ದೇ. ನೀವೂನಾ?”

ಸಹಿಯಾಗದ ಒಪ್ಪಂದದ ಕಾಗದ ಮೇಜಿನ ಮೇಲೇ ಉಳಿಯಿತು.

ನನ್ನ ಮಂಡಿನೋವು ಹಾಗೇ ಇದೆ, ಮುಲಾಮು ತೆಗೆದಿಡು. ಬಸ್ಸಿನಲ್ಲಿ ಕೂತು ಗೀಚುತ್ತಿದ್ದೇನೆ. ಎದ್ದು ಬರುವಾಗ ಸೆವ್ದಾಳ ರೊಟ್ಟಿಯೊಂದನ್ನು ಶಾಲಿನಡಿ ಇಟ್ಟುಕೊಂಡೆ. ಇನ್ನೂ ಬಿಸಿಯಿದೆ. ದೊಡ್ಡಮ್ಮ ಪಕ್ಕದಲ್ಲೇ ಇದ್ದಾಳೆ, ಮುರಿಯುವ ಧೈರ್ಯವಿಲ್ಲ.

ಲೂಮಿನಿತ್ಸಾ