ಚಳಿಗೆ ಗಟ್ಟಿಯಾಗದ ಎಣ್ಣೆ

ಬಂಟ್ವಾಳ
ಡಿಸೆಂಬರ್ ೧೯೬೪, ಬುಧವಾರ

ಪ್ರೀತಿಯ ಪ್ರೇಮಕ್ಕ,

ಲೋಕನಾಥ ಭಾವ ನಿನಗೆ ಅನ್ಯಾಯ ಮಾಡುತ್ತಿದ್ದಾರೆ. ತಮ್ಮ ಮೋಟಾರ್ ಸೈಕಲ್ಲಿನ ಮುಂದಿನ ಬ್ರೇಕು ಹಿಡಿಯುವುದಿಲ್ಲವೆಂದು ತಿಳಿದೂ ಈ ಆದಿತ್ಯವಾರ ಗುರುವಾಯನಕೆರೆಯಿಂದ ಶಿರ್ತಾಡಿಯ ಅಮ್ಮನ ಮನೆಗೆ ನಿನ್ನನ್ನು ಅದರಲ್ಲೇ ಕರೆದುಕೊಂಡು ಹೊರಟಿದ್ದಾರೆ, ನಿನ್ನ ತೊಡೆಯ ಮೇಲೆ ಮಗು ಬೇರೆ. ಭಾವನ ವಿಷಯದಲ್ಲಿ ತಮ್ಮನಾದವನು ಹೀಗೆ ಬರೆಯಬಾರದು ಎಂದು ನಿನಗನ್ನಿಸಬಹುದು. ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಪೂರ್ತಿ ಓದು. ಆಮೇಲೆ ಬೈದರೆ ಬೈಸಿಕೊಳ್ಳುತ್ತೇನೆ.

ಕಳೆದ ವಾರ ನಿಮ್ಮಲ್ಲಿ ಉಳಿದಿದ್ದೆನಲ್ಲ, ಆ ಬೆಳಿಗ್ಗೆ ವಿಪರೀತ ಚಳಿ. ಮಗುವಿಗೆ ಹಚ್ಚಲು ನೀನು ತೆಂಗಿನೆಣ್ಣೆಯ ಬಾಟಲಿಯನ್ನು ಒಲೆಯ ಬದಿಗೆ ಹಿಡಿದು ಕೂತಿದ್ದೆ. ಎಣ್ಣೆ ಒಳಗೆ ಬೆಳ್ಳಗೆ ಗಟ್ಟಿಯಾಗಿತ್ತು. "ಮಗುವಿಗಿಂತ ಮೊದಲು ಈ ಎಣ್ಣೆಗೇ ಬಿಸಿನೀರಿನ ಸ್ನಾನ ಆಗ್ಬೇಕು" ಅಂದೆ ನೀನು. ನಾನು ನಗುತ್ತಲೇ ಅಂಗಳಕ್ಕೆ ಬಂದೆ. ಅಲ್ಲಿ ಬೈಕು ನಿಂತಿತ್ತು.

ಮುಂದಿನ ಚಕ್ರದ ಎರಡು ಬದಿಗೆ ಎರಡು ಕೊಳವೆಗಳಿರುವುದನ್ನು ನೋಡಿದ್ದೀಯಲ್ಲ, ಅವುಗಳ ಒಳಗೆ ಎಣ್ಣೆ ಉಂಟು. ಚಕ್ರ ಹೊಂಡಕ್ಕೆ ಬಿದ್ದು ಏಳುವಾಗ ಕುಲುಕಾಟವನ್ನು ತಡೆಯುವುದು ಆ ಎಣ್ಣೆ. ಅದು ಹೊರಗೆ ಬಾರದಂತೆ ಕೊಳವೆಯ ಬಾಯಿಗೆ ಒಂದು ರಬ್ಬರಿನ ಬಳೆ ಇರುತ್ತದೆ, ಅದಕ್ಕೆ ಸೀಲ್ ಎನ್ನುತ್ತಾರೆ. ತುಕ್ಕು ಹಿಡಿಯಬಾರದೆಂದು ಭಾವ ಆ ಕೊಳವೆಗಳಿಗೆ ಹೊರಗಿನಿಂದ ತೆಂಗಿನೆಣ್ಣೆ ಹಚ್ಚುತ್ತಾರೆ. ನಮ್ಮವರು ಬೀಗಕ್ಕೂ ಅದನ್ನೇ, ಕತ್ತಿಗೂ ಅದನ್ನೇ, ಹೊಲಿಗೆ ಯಂತ್ರಕ್ಕೂ ಅದನ್ನೇ ಹಚ್ಚುವವರು. ಹಾಗಾಗಿ ಕೊಳವೆಯ ಮೇಲೆ ಎಣ್ಣೆ ಕಂಡರೆ ಇಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಆ ಬೆಳಿಗ್ಗೆ ಎಡದ ಕೊಳವೆಯ ಎಣ್ಣೆ ಉಗುರಿನಲ್ಲಿ ಕೆರೆಯುವಷ್ಟು ಬೆಳ್ಳಗೆ ಗಟ್ಟಿಯಾಗಿತ್ತು. ಬಲದ ಕೊಳವೆಯಲ್ಲಿ, ರಬ್ಬರಿನ ಸ್ವಲ್ಪ ಮೇಲೆ, ಒಂದು ಒದ್ದೆ ಉಂಗುರ. ಅದು ಕಪ್ಪಗೆ, ನೀರಿನಂತೆ ತೆಳ್ಳಗಿತ್ತು. ಅಲ್ಲಿಂದ ಒಂದು ಗೆರೆ ಕೆಳಗಿಳಿದು ಚಕ್ರದ ನಡುವೆ, ಬ್ರೇಕಿನ ಡಬ್ಬಿಯವರೆಗೆ ಹೋಗಿತ್ತು. ಎರಡೂ ಒಂದೇ ಚಳಿಯಲ್ಲಿ ನಿಂತಿದ್ದವು. ಒಂದು ಗಟ್ಟಿಯಾಗಿ ಇನ್ನೊಂದು ಯಾಕೆ ಹರಿಯುತ್ತದೆ? ಬೆರಳಿಗೆ ಹಚ್ಚಿ ಮೂಸಿದೆ. ತೆಂಗಿನೆಣ್ಣೆಯ ವಾಸನೆ ಇರಲಿಲ್ಲ.

ತಲೆ ಬಾಚುತ್ತಿದ್ದ ಭಾವನನ್ನು ಕರೆದು ತೋರಿಸಿದೆ. ನಾನು ಒಕ್ಕಲುಗಳ ಪರವಾಗಿ ಓಡಾಡುವುದು ಅವರಿಗೆ ಯಾವಾಗಲೂ ತಮಾಷೆಯಲ್ಲವಾ, "ಒಕ್ಕಲುಗಳ ಕಷ್ಟ ಎಲ್ಲ ಮುಗೀತಾ ಸುಧಾಕರ? ಈಗ ನನ್ನ ಬೈಕಿಗೂ ಬಿಡುಗಡೆ ಕೊಡಿಸ್ಲಿಕ್ಕೆ ಹೊರಟದ್ದಾ?" ಎಂದರು. ಆಮೇಲೆ ಬಟ್ಟೆಯಿಂದ ಒರೆಸಿ, "ಇದು ನಾನೇ ಹಚ್ಚಿದ ತೆಂಗಿನೆಣ್ಣೆ ಮಾರಾಯ, ಬಿಸಿಲಿಗೆ ಕರಗಿದೆ" ಎಂದರು. ಅಂಗಳಕ್ಕೆ ಆಗ ಬಿಸಿಲೇ ಬಂದಿರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಅವರು ಬೈಕನ್ನು ಒದ್ದು ಸ್ಟಾರ್ಟ್ ಮಾಡಿಯಾಗಿತ್ತು.

ನನ್ನ ಸಂಶಯವೇ ತಪ್ಪಿರಲಿ ಎಂದು ಹಾರೈಸಿಕೊಂಡೇ ನಿನ್ನೆ ಫರಂಗಿಪೇಟೆಗೆ ಹೋದೆ. ಭಾವ ಗಾಡಿ ರಿಪೇರಿಗೆ ಕೊಡುವುದು ಅಲ್ಲಿನ ಅಬೂಬಕ್ಕರ್ ಹತ್ತಿರ. ಒಬ್ಬರ ಗಾಡಿಯ ವಿಷಯ ಇನ್ನೊಬ್ಬರಿಗೆ ಹೇಳಲು ಅವರಿಗೆ ಮನಸ್ಸಿರಲಿಲ್ಲ. ಅಕ್ಕನೂ ಮಗುವೂ ಕೂರುವ ಗಾಡಿ ಎಂದ ಮೇಲೆ ಬಾಯಿಬಿಟ್ಟರು.

"ನಾನು ಹೇಳಿದ್ದೇನೆ ಅವರಿಗೆ. ಸೀಲ್ ಹೋಗಿದೆ, ಎಣ್ಣೆ ಬ್ರೇಕಿನ ಒಳಗೆ ಇಳಿದಿದೆ, ಇನ್ನು ಬ್ರೇಕು ಹಿಡಿಯುವುದಿಲ್ಲ, ಗಾಡಿ ಇಲ್ಲೇ ಬಿಟ್ಟು ಹೋಗಿ ಅಂತ. ಆದಿತ್ಯವಾರ ಕಳೆದು ತರ್ತೇನೆ ಅಂದ್ರು."

ಆದಿತ್ಯವಾರ ಕಳೆದು! ಅಕ್ಕ, ಈ ಎರಡು ಮಾತು ನಿನ್ನೆಯಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ. ಮಳೆಗಾಲದಲ್ಲಿ ಕೊಳವೆಗೆ ಒಂದು ಕಡೆ ತುಕ್ಕು ಹಿಡಿದು ಸಣ್ಣ ಗುಳಿ ಬಿದ್ದಿದೆಯಂತೆ. ಹೊಂಡ ಹತ್ತಿ ಇಳಿದಾಗಲೆಲ್ಲ ಆ ಗುಳಿಯ ಅಂಚು ರಬ್ಬರನ್ನು ಕೊಯ್ಯುತ್ತದೆ. ಹೊಸ ಸೀಲ್ ಮಂಗಳೂರಿನಿಂದ ಬರಬೇಕು.

ಭಾವ ಯಾಕೆ ಕಾಯುವುದಿಲ್ಲ ಎಂಬುದು ನನಗೆ ಗೊತ್ತು. ಮಗು ಮೊದಲ ಸಲ ಅಜ್ಜಿಯ ಮನೆಗೆ ಬರುತ್ತಿದೆ. ಮೋಟಾರ್ ಸೈಕಲ್ಲಿನಲ್ಲೇ ಕರೆದುಕೊಂಡು ಬರುತ್ತೇನೆಂದು ಅವರು ಶಿರ್ತಾಡಿಗೆಲ್ಲ ಹೇಳಿಯಾಗಿದೆ. ಈಗ ಬಸ್ಸಿನಿಂದ ಇಳಿದರೆ ಹೆಂಡತಿಯ ಮನೆಯವರೆದುರು ಮುಖ ಸಣ್ಣದಾಗುತ್ತದೆ. ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ, ಜಗಳ ಮಾಡುತ್ತಿದ್ದೆ. ಮಗುವಿನ ಮುಖ ಕಂಡರೆ ಕರಗುವ ಮನುಷ್ಯ ಅವರು. ನಾನು ಓದುವ ಕರಪತ್ರಗಳಲ್ಲಿ ಧಣಿಗಳ ಅನ್ಯಾಯಕ್ಕೆ, ಕಾರ್ಖಾನೆಯವರ ಅನ್ಯಾಯಕ್ಕೆ ಹೆಸರುಗಳುಂಟು. ಪ್ರೀತಿಸುವವರು ಮಾನಕ್ಕೆ ಹೆದರಿ ಮಾಡುವ ಅನ್ಯಾಯಕ್ಕೆ ಹೆಸರು ಎಲ್ಲಿಯೂ ಕಾಣಲಿಲ್ಲ.

ಹಿಂದಿನ ಬ್ರೇಕು ಉಂಟಲ್ಲ ಎಂದು ಅವರು ಹೇಳಬಹುದು. ಸಮ ರಸ್ತೆಯಲ್ಲಿ ಒಬ್ಬರಿಗೆ ಅದು ಸಾಕಾಗಬಹುದು. ಮೂವರ ಭಾರ ಹೊತ್ತು, ಶಿರ್ತಾಡಿಯ ದಾರಿಯಲ್ಲಿ, ಕೆಳಗೆ ತೋಡಿನ ನೀರು ಹರಿಯುವ ಆ ಇಳಿತದ ತಿರುವಿನಲ್ಲಿ? "ಇಳಿತ ಬಂದ್ರೆ ನಾನೂ ಹಿಂದೆ ಕೂತು ಕಾಲು ಒತ್ತುತ್ತೇನೆ, ಬ್ರೇಕು ನನ್ನ ಕಾಲಲ್ಲೇ ಇರುವ ಹಾಗೆ" ಎಂದು ನೀನು ಒಮ್ಮೆ ಅಮ್ಮನಿಗೆ ಹೇಳಿದ್ದೆ. ಎಲ್ಲರೂ ನಕ್ಕಿದ್ದೆವು. ಆ ಭಯವನ್ನು ಭಾವನಿಗೆ ಒಮ್ಮೆಯಾದರೂ ಹೇಳಿದ್ದೀಯಾ? ಹಿಂದೆ ಕುಳಿತವರಿಗೂ ಜೀವ ಉಂಟು, ಬಾಯಿಯೂ ಉಂಟು.

ನನ್ನ ಮಾತನ್ನು ಸುಮ್ಮನೆ ನಂಬಬೇಡ, ನೀನೇ ಪರೀಕ್ಷಿಸು. ಶುಕ್ರವಾರ ಬೆಳಿಗ್ಗೆ ಎರಡೂ ಕೊಳವೆಗಳನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸು, ತೆಂಗಿನೆಣ್ಣೆ ತಾಗಿಸಬೇಡ. ಭಾವ ಸಂಜೆ ಅಂಗಡಿಯಿಂದ ಬಂದ ಮೇಲೆ ಬೆರಳಿಟ್ಟು ನೋಡು. ಒಣಗಿದ್ದರೆ ತಪ್ಪು ನನ್ನದು, ಅವರು ಎಲ್ಲರೆದುರು ನನ್ನನ್ನು ಬೇಕಾದಷ್ಟು ತಮಾಷೆ ಮಾಡಲಿ. ಬಲಗಡೆ ಮತ್ತೆ ಆ ಒದ್ದೆ ಉಂಗುರ ಬಂದಿದ್ದರೆ, ಒಳಗಿನ ಎಣ್ಣೆಯಲ್ಲದೆ ಬೇರೇನೂ ಅಲ್ಲ. ಆಗ ಕೂರುವುದಿಲ್ಲ ಎಂದು ಹೇಳಿಬಿಡು. ಜಗಳ ಬೇಡ. ಭಾವನನ್ನೂ ಒಬ್ಬರನ್ನೇ ಅದರ ಮೇಲೆ ಹೋಗಲು ಬಿಡಬೇಡ. ಬಸ್ಸಿನ ಹಟ ನನ್ನದೇ ಎಂದು ಅಮ್ಮನ ಮನೆಯಲ್ಲಿ ನಾನೇ ಹೇಳುತ್ತೇನೆ, ಅವರ ಮಾನ ಉಳಿಯಲಿ.

ಅಂಚೆಗೆ ಹಾಕಿದರೆ ನಿನ್ನ ಹೆಸರಿನ ಕಾಗದವನ್ನೂ ಮೊದಲು ಭಾವನೇ ಒಡೆಯುತ್ತಾರೆ. ಅದಕ್ಕೇ ಬಳೆ ಮಾರಲು ನಾಳೆ ನಿಮ್ಮ ಕಡೆಗೆ ಬರುವ ಆಯಿಶಮ್ಮನ ಕೈಯಲ್ಲಿ ಕೊಡುತ್ತಿದ್ದೇನೆ. ಅವರ ಬಸ್ಸು ತಪ್ಪದಿರಲಿ, ಅವರು ಬರುವಾಗ ನೀನು ಮನೆಯಲ್ಲೇ ಇರುವಂತಾಗಲಿ ಎಂದು ಮಾತ್ರ ಈಗ ಬೇಡುತ್ತಿದ್ದೇನೆ.

ನಿನಗೆ, ಮಗುವಿಗೆ, ನನ್ನ ಮೇಲೆ ಸಿಟ್ಟಾಗಲಿರುವ ಭಾವನಿಗೆ ಒಳ್ಳೆಯದಾಗಲಿ. ಆದಿತ್ಯವಾರ ಬೆಳಿಗ್ಗೆ ಎಂಟು ಗಂಟೆಗೆ ಗುರುವಾಯನಕೆರೆಯಲ್ಲಿ, ಮೂಡಬಿದ್ರೆ ಬಸ್ಸು ನಿಲ್ಲುವಲ್ಲಿ ನಿಂತಿರುತ್ತೇನೆ. ನೀವು ಮೂವರೂ ಬನ್ನಿ.

ನಿನ್ನ ತಮ್ಮ
ಸುಧಾಕರ