ಎರಡು ಪುಸ್ತಕಗಳೂ ಒಪ್ಪಿದ ಒಂದೇ ಮಾತು

ಅಗ್ರಹಾರ, ಮೈಸೂರು
೧೭-೯-೨೦೦೬

ಮಗಳು ಚೂಡಾಮಣಿಗೆ ಅಪ್ಪನ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಈ ಮಾತಿನ ಕೆಳಗೆ ಗೆರೆ ಎಳೆದಿರುವುದು ಯಾಕೆಂದು ಮುಂದೆ ಗೊತ್ತಾಗುತ್ತದೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಇಷ್ಟು ದಿನ ನಿನ್ನ ತಮ್ಮನ ಪುರಾಣ ಓದುತ್ತಾ ಕೂತಿದ್ದೆ. ಫೋನಿನಲ್ಲಿ ಹೇಳುವಂಥದ್ದಲ್ಲ.

ಯಶಸ್ ಬೆಂಗಳೂರಿನಲ್ಲಿ ಹಾಡುತ್ತಿದ್ದ ಆ ರಾಕ್ ಬ್ಯಾಂಡು ಒಡೆದುಹೋಯಿತಲ್ಲ, ಈಗ ಅದರ ಹುಡುಗರು ಸೇರಿ ತಮ್ಮ ಕಥೆಯನ್ನು ಪುಸ್ತಕ ಮಾಡಿದ್ದಾರೆ. ಅದಕ್ಕೆ ಎದುರಾಗಿ ನಮ್ಮವನೂ ಆತ್ಮಕಥೆ ಬರೆದಿದ್ದಾನೆ. ಮೂವತ್ತನಾಲ್ಕಕ್ಕೇ ಆತ್ಮಕಥೆ! ನನಗೆ ಕಳಿಸಲಿಲ್ಲ, ಎರಡನ್ನೂ ನಾನೇ ಕೊಂಡೆ. ಹಸ್ತಪ್ರತಿ ವಿಭಾಗದಲ್ಲಿ ಜೀವಮಾನವೆಲ್ಲ ಓಲೆಗರಿ ಹೋಲಿಸಿದವನ ಚಾಳಿ ಬಿಡುತ್ತದೆಯೇ? ಅಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲ್ ಹಿಡಿದು ಕೂತೆ.

ಒಂದೂ ತಾಳೆಯಾಗದು. ಮೊದಲ ಹಾಡು ಹುಟ್ಟಿದ್ದು ಹಾಸ್ಟೆಲ್ ಕೋಣೆಯಲ್ಲಿ ಅಂತ ಅವರು, ನಮ್ಮ ತಾರಸಿಯ ಮೇಲೆ ಅಂತ ಇವನು. ಬ್ಯಾಂಡು ಒಡೆದದ್ದು ಇವನ ಜಂಬದಿಂದ ಅಂತ ಅಲ್ಲಿ, ಅವರ ಹೊಟ್ಟೆಕಿಚ್ಚಿನಿಂದ ಅಂತ ಇಲ್ಲಿ. ನಗುತ್ತಲೇ ಓದುತ್ತಿದ್ದೆ. ನಮ್ಮ ಕೆಲಸದಲ್ಲಿ ಒಂದು ನಿಯಮವಿತ್ತು: ಒಂದಕ್ಕೊಂದು ಆಗದ ಎರಡು ಪ್ರತಿಗಳು ಎಲ್ಲಿ ಒಪ್ಪುತ್ತವೋ ಅದನ್ನು ಕಣ್ಣು ಮುಚ್ಚಿ ನಂಬಬಹುದು. ಅಂಥದ್ದು ಒಂದೇ ಒಂದು ಸಿಕ್ಕಿತು. ೧೯೯೭ರ ನವೆಂಬರಿನಲ್ಲಿ ಯಶಸ್‌ನ ತಂದೆ ತೀರಿಕೊಂಡರು.

 ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ ಕಣಮ್ಮ. ಬ್ಯಾಂಡಿನ ಪುಸ್ತಕದಲ್ಲಿ ಬೋಳುತಲೆಯ ಯಶಸ್‌ನ ಫೋಟೋ, ಕೆಳಗೆ ‘ತಂದೆಯನ್ನು ಕಳೆದುಕೊಂಡಾಗ’ ಅಂತ. ಆ ನವೆಂಬರಿನಲ್ಲಿ ಹೋದವಳು ನಿಮ್ಮಮ್ಮ. ಬೆನ್ನಿಗಿಳಿದಿದ್ದ ಕೂದಲನ್ನು ಅವನು ತೆಗೆಸಿದ್ದು ಅವಳ ಕರ್ಮಕ್ಕೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಮೊನ್ನೆ ನಜರ್‌ಬಾದಿನ ಪುಸ್ತಕದಂಗಡಿಗೆ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಮಹಾಂತೇಶ್ ಬರುತ್ತಾನೆ, ಪುಸ್ತಕಕ್ಕೆ ಸಹಿ ಹಾಕಿಕೊಡುತ್ತಾನೆ ಅಂತ ಗೊತ್ತಾಗಿ ಹೋದೆ. ಅವನು ನನ್ನನ್ನು ಎಂದೂ ನೋಡಿದವನಲ್ಲ.

“ಯಾರ ಹೆಸ್ರಿಗೆ ಬರೀಲಿ ಸಾರ್?”

“ವೆಂಕಟಸುಬ್ಬಯ್ಯ ಅಂತ ಬರಿಯಪ್ಪ. ಯಶಸ್ ತಂದೆ ನಾನು.”

ಅವನ ಪೆನ್ನು ನಿಂತಿತು. “ತಮಾಷೆ ಮಾಡ್ಬೇಡಿ ಸಾರ್. ನಮ್ಗೂ ಅವ್ನಿಗೂ ಜಗಳ ಇರ್ಬೋದು. ಆದ್ರೆ ಅವ್ರಪ್ಪ ಹೋದಾಗ ಅವ್ನು ಹೆಂಗೆ ಅತ್ತ ಅಂತ ನಾನು ಕಣ್ಣಾರೆ ನೋಡಿದೀನಿ. ತಿಂಗಳುಗಟ್ಲೆ ಹಾಡ್ಲಿಲ್ಲ. ಮೈಸೂರಿಗೆ ಬರ್ತೀವಿ ಅಂದ್ರೆ ಬೇಡ ಅಂದ್ಬುಟ್ಟ.”

ಜೇಬಿನಲ್ಲಿ ನನ್ನ ಪಿಂಚಣಿ ಗುರುತಿನ ಚೀಟಿ ಇತ್ತು. ತೆಗೆದು ತೋರಿಸಿದ್ದರೆ ಅಷ್ಟು ಜನರ ಎದುರು ನಿನ್ನ ತಮ್ಮನ ಮಾನ ಹೋಗುತ್ತಿತ್ತು. “ತಪ್ಪಾಯ್ತಪ್ಪ, ವಯಸ್ಸಾದವನು, ಏನೋ ಅಂದ್ಬುಟ್ಟೆ” ಅಂದು ಪುಸ್ತಕ ಎತ್ತಿಕೊಂಡು ಬಂದೆ. 

ಮುಂದಿನ ತಿಂಗಳು ಇಲ್ಲೇ ಯಶಸ್‌ನ ಕಾರ್ಯಕ್ರಮವಿದೆ. ಅವನು ಹಾಡುವುದನ್ನು ಕೇಳಬೇಕೆಂದು ತುಂಬಾ ಆಸೆಯಿತ್ತು. ಸತ್ತವನು ಯಾವ ಮುಖ ಹೊತ್ತು ಹೋಗಲಿ, ನೀನೇ ಹೇಳು. ಅವನಿಗೆ ಫೋನ್ ಮಾಡಿ ಜಗಳ ಮಾತ್ರ ತೆಗೆಯಬೇಡ.

ಅಳಿಯಂದಿರಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಎಲ್ಲರೂ ನೂರ್ಕಾಲ ಸುಖವಾಗಿರಿ.

ನಿನ್ನ ಅಪ್ಪ,
ವೆಂಕಟಸುಬ್ಬಯ್ಯ

ಇನ್ನೊಂದು ಮಾತು: ಅವನ ಪುಸ್ತಕದ ಕೊನೆಯ ಪುಟದ ಸುದ್ದಿ ಮೇಲೆ ಬರೆಯಲಾಗಲಿಲ್ಲ. ಅದರಲ್ಲಿ ನಿಮ್ಮಮ್ಮ ಬದುಕಿದ್ದಾಳೆ. ದಿನಾ ಫೋನ್ ಮಾಡಿ “ಊಟ ಆಯ್ತೇನೋ” ಅಂತ ಕೇಳುತ್ತಾಳಂತೆ. ಅವಳು ಹೋದಳು ಅಂತ ಹೇಳಲು ಅವನಿಗೆ ಬಾಯಿ ಬರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ನಾನು ಹೋದೆ ಅಂತ ಹೇಳಲು ಬಂತಲ್ಲ ಚೂಡಾಮಣಿ. ನಮ್ಮಿಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳುವ ಹಾಗಿದ್ದರೆ ನಾನೂ ಅವಳನ್ನೇ ಉಳಿಸಿಕೊಳ್ಳುತ್ತಿದ್ದೆ. ಆದರೂ ಹಾಗೆ ಬರೆಯುವಾಗ ಒಂದು ಗಳಿಗೆಯಾದರೂ ಅವನ ಕೈ ತಡೆದಿರುತ್ತದೆ ಅಂತ ನೀನಾದರೂ ನನಗೆ ಒಂದು ಕಾಗದ ಬರಿ.